ಜಂತ್ರಡಿಯ ಹಲಗೆ

ಕುರ್ವೆಬೈಲು, ಕುಮಟಾ
ಫೆಬ್ರುವರಿ 11, 2024

ಅಕ್ಕ,

ಫೋನಿನಲ್ಲಿ ನೀನು ನನ್ನ ಅರ್ಧ ಮಾತಿಗೇ "ಆತು ಆತು, ಇಡ್ತೆ" ಅಂತ ಇಟ್ಟುಬಿಡುತ್ತೀಯ. ಪತ್ರವನ್ನು ಹಾಗೆ ನಡುವೆ ಕತ್ತರಿಸಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಂಚೆಗೆ ಹಾಕಿದರೆ ಶಿರಾಲಿಗೆ ಯಾವಾಗ ಮುಟ್ಟುತ್ತದೋ ದೇವರಿಗೇ ಗೊತ್ತು. ಶ್ರೀನಾಥನ ಮೀನಿನ ವ್ಯಾನು ದಿನಾ ಬೆಳಿಗ್ಗೆ ಭಟ್ಕಳಕ್ಕೆ ಹೋಗುತ್ತದಲ್ಲ, ಅದರಲ್ಲೇ ಕಳಿಸುತ್ತೇನೆ. ಮಗನ ಮೇಲಿನ ದೂರು, ಮಗನ ಕೈಯಲ್ಲೇ. ಲಕೋಟೆಗೆ ಅನ್ನದ ಅಗುಳು ಹಚ್ಚಿ ಅಂಟಿಸಿದ್ದೇನೆ. ಹಾಗಂತ ಒಡೆದು ಓದುವ ಪೈಕಿಯಲ್ಲ ಅವನು. ತೆರೆದಿಟ್ಟರೂ ಓದುವುದಿಲ್ಲ, ಅದೇ ನನ್ನ ಸಂಕಟ.

ವಿಷಯಕ್ಕೆ ಬರುತ್ತೇನೆ. ನಮ್ಮ ಗಜನಿಯ ಕಮಿಟಿಯವರು ಹೊಸ ಕಾಗದ ಮಾಡಿದ್ದಾರೆ. ಕಮಿಟಿಯವರು ಅಂದರೆ ಬೇರೆ ಯಾರು? ಸೆಕ್ರೆಟರಿ ನನ್ನ ಮಗನೇ. ಇವರಿಗೆಲ್ಲ ಗಜನಿ ಅಂದರೆ ಸಿಗಡಿಯ ತೊಟ್ಟಿ. ಅದು ಹೊಳೆಯಂಚಿನ ಗದ್ದೆಬಯಲು ಅಂತ ಹೇಳಿದರೆ ನಗುತ್ತಾರೆ. ಇಷ್ಟು ದಿನ ಸಿಗಡಿಯ ಗುತ್ತಿಗೆ ವರ್ಷ ವರ್ಷ ಹರಾಜಾಗುತ್ತಿತ್ತು. ಈಗ ಹತ್ತು ವರ್ಷಕ್ಕೆ ಒಬ್ಬನೇ ಗುತ್ತಿಗೆದಾರನಿಗೆ ಬರೆದುಕೊಡುವುದಂತೆ. ಅವನು ಒಡ್ಡಿನಲ್ಲಿರುವ ಮರದ ಜಂತ್ರಡಿಯನ್ನು ಕಿತ್ತು ಕಾಂಕ್ರೀಟಿನ ಬಾಗಿಲು ಕಟ್ಟಿಸುತ್ತಾನಂತೆ. ಹೊಳೆಯ ಉಪ್ಪುನೀರು ವರ್ಷವಿಡೀ ಒಳಗೆ. ಮಳೆಗಾಲಕ್ಕೆ ಹಲಗೆ ಇಳಿಸಿ, ಉಬ್ಬರವನ್ನು ಹೊರಗೇ ತಡೆದು, ಉಪ್ಪು ತಡೆಯುವ ಕಗ್ಗದ ಭತ್ತ ಬಿತ್ತುವ ಮಾತೇ ಇನ್ನಿಲ್ಲ. ನಾವು ಬಿತ್ತದೆ ಎಷ್ಟೋ ವರ್ಷವಾಯಿತು, ಒಪ್ಪಿದೆ. ಆದರೆ ಬಿತ್ತದೇ ಇರುವುದು ಬೇರೆ, ಬಿತ್ತಲಿಕ್ಕೇ ಆಗದ ಹಾಗೆ ಮಾಡುವುದು ಬೇರೆ. ಇದು ಫಂಡಮೆಂಟಲ್ ವಿಷಯ.

ಅಜ್ಜ ಒಡೆಯರ ಗದ್ದೆಗೆ ಒಡ್ಡು ಹಾಕಿದ. ಅಪ್ಪ ಭೂಸುಧಾರಣೆಯ ಕಾಲಕ್ಕೆ ಡಿಕ್ಲರೇಶನ್ ಕೊಟ್ಟು ಆ ಗದ್ದೆಯನ್ನು ತನ್ನದು ಮಾಡಿಕೊಂಡ. ನಾನು ಸೊಸಾಯಿಟಿಯಲ್ಲಿ ಸಕ್ಕರೆ, ಸೀಮೆಎಣ್ಣೆ ಅಳೆದೆ. ಶ್ರೀನಾಥನ ಕಾಲಕ್ಕೆ ಪಹಣಿಯಲ್ಲಿ ಭತ್ತ, ಕಣ್ಣೆದುರು ನೀರು. ಮೊನ್ನೆ ಬೆಳೆ ಸಮೀಕ್ಷೆಯವನು ಮೊಬೈಲು ಹಿಡಿದು ಬಂದು, "ಬೆಳೆ ಎಂತದು ಬರೀಲಿ?" ಅಂದ. "ನೀರು ಅಂತ ಬರಿ" ಅಂದೆ. "ಇದ್ರಲ್ಲಿ ನೀರು ಇಲ್ಲ ಮಾರಾಯ್ರೆ" ಅಂದ. ಮೊಳಕಾಲುದ್ದ ನೀರಿನ ಎದುರು ನಿಂತುಕೊಂಡು!

ಅಪ್ಪನ ಆ ತುಂಡಿಗೆ ನಿನ್ನದೂ ನನ್ನದೂ ಹೆಸರು ಜಂಟಿ. ಗಜನಿಯ ಉಳಿದ ಗದ್ದೆಯವರೆಲ್ಲ ಸಹಿ ಹಾಕಿ ಆಗಿದೆ, ನಮ್ಮದಿಲ್ಲದೆ ಕಾಗದ ನಡೆಯುವುದಿಲ್ಲ. ನೀನು ಹಾಕಬೇಡ, ನಾನೂ ಹಾಕುವುದಿಲ್ಲ. ಈ ಮಳೆಗಾಲ ನಾನು ಕಗ್ಗ ಬಿತ್ತುತ್ತೇನೆ. ಬೆಳೆ ಎದ್ದು ನಿಂತ ಮೇಲೆ ಕಮಿಟಿಯವರು ಯಾವ ಬಾಯಲ್ಲಿ "ಅಲ್ಲಿ ಎಂತದೂ ಬೆಳೂದಿಲ್ಲ" ಅನ್ನುತ್ತಾರೆ, ನೋಡೋಣ. ಶ್ರೀನಾಥನಿಗೆ ಹೇಳಿದೆ. "ಅಪ್ಪಾ, ನಿಂಗೆ ಸೊಂಟನೋವು" ಅಂದ. ಅಷ್ಟೇ. ವಾದ ಮಾಡುವವನಾದರೆ ಗೆಲ್ಲಬಹುದಿತ್ತು. ಇಂಥವರಿಗೆ ಇಂಗ್ಲಿಷಿನಲ್ಲಿ ಒಂದು ಶಬ್ದವಿದೆ, ನಾಲಿಗೆಯ ತುದಿಯಲ್ಲಿದೆ. ನೆನಪಾದಾಗ ಬರೆಯುತ್ತೇನೆ.

ಯುವರ್ಸ್ ಒಬೀಡಿಯೆಂಟ್ಲಿ,
ರವೀಂದ್ರ


ಶಿರಾಲಿ, ಭಟ್ಕಳ
ಫೆಬ್ರುವರಿ 20

ರವೀಂದ್ರ,

ನಿನ್ನ ಪತ್ರ ಬಂಗಡೆಯ ವಾಸನೆ ಹೊಡೆಯುತ್ತಿತ್ತು. ಐಸಿನ ನೀರು ತಾಗಿ ಕೆಲವು ಸಾಲು ಕದಡಿಹೋಗಿದ್ದವು. ಹೆಚ್ಚಾಗಿ ಇಂಗ್ಲಿಷ್ ಇದ್ದ ಕಡೆ. ನಷ್ಟವೇನೂ ಆಗಲಿಲ್ಲ.

ನಾನು ಸಹಿ ಹಾಕುವವಳೇ ಇದ್ದೆ. ಈಗಲೂ ಅದೇ ಮನಸ್ಸು. ನಿನಗೆ ಆ ಗದ್ದೆ ಎಂದರೆ ಕಾಲೇಜಿಗೆ ಹೋಗುವಾಗ ಒಡ್ಡಿನ ಮೇಲಿಂದ ಕಂಡ ಹಸಿರು. ನನಗೆ ಅದು ಸೊಂಟದ ತನಕ ನೀರು, ಉಪ್ಪಿಗೆ ಒಡೆದ ಬೆರಳಸಂದಿ. ನೀನು ಬೆಂಚಿನ ಮೇಲೆ ಕೂತಿದ್ದ ಹೊತ್ತಿಗೆ ಅವ್ವನೂ ನಾನೂ ಕಳೆ ಕೀಳುತ್ತಿದ್ದೆವು. ಆಮೇಲೆ ಬಂಗಾರಿ ಬಂದಳು. ಮನೆಗೆ ನಿನ್ನ ಹೆಂಡತಿ, ಗದ್ದೆಗೆ ಆಳು. ಶ್ರೀನಾಥ ಚಿಕ್ಕವನಿರುವಾಗ ಅವಳ ಸೆರಗು ಹಿಡಿದು ಅದೇ ನೀರಿನಲ್ಲಿ ನಿಂತಿರುತ್ತಿದ್ದ. ಈಗ ಅವನು ಹಲಗೆ ಎತ್ತಿ ನೀರು ಬಿಡುತ್ತಾನೆ ಎಂದರೆ ಯಾಕೆ ಅಂತ ನಾನು ಕೇಳಬೇಕಿಲ್ಲ.

ಆದರೂ ದೀಪಾವಳಿಯ ತನಕ ತಡೆಯುತ್ತೇನೆ. ಅಷ್ಟರೊಳಗೆ ಕಗ್ಗ ಕೊಯ್ಲಿಗೆ ಬರುತ್ತದೆ, ಬಂದರೆ. ಆದರೆ ನೀನು ಕೊಡೆ ಹಿಡಿದು ದಂಡೆಯ ಮೇಲೆ ನಿಂತು ಬೇರೆಯವರಿಂದ ಮಾಡಿಸುತ್ತಿದ್ದೀಯ ಅಂತ ಕಿವಿಗೆ ಬಿದ್ದರೆ ಆ ದಿನವೇ ಸಹಿ. ಮತ್ತೆ, ಬೀಜ ಎಲ್ಲಿಂದ ತರುತ್ತೀಯ? ಸಿಕ್ಕಿದರೂ ಪೂರ್ತಿ ಬಿತ್ತಬೇಡ. ಅವ್ವ ಒಂದು ಪಾಲು ಅಟ್ಟದಲ್ಲಿ ಕಟ್ಟಿಡುತ್ತಿದ್ದಳು. ಗದ್ದೆಯಲ್ಲಿ ತೆನೆ ಕಾಣುವವರೆಗೆ ಅದನ್ನು ಕೆಳಗಿಳಿಸುತ್ತಿರಲಿಲ್ಲ.

ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ.

ಉಮಾ


ಕುರ್ವೆಬೈಲು
ಮೇ 5

ಅಕ್ಕ,

ಬೀಜ ಸಿಕ್ಕಿತು. ಎಲ್ಲೆಲ್ಲಿ ಕೇಳಿದೆ ಅಂತ ಬರೆದರೆ ನಿನಗೆ ಓದಿ ಸುಸ್ತಾಗುತ್ತದೆ, ನನಗೆ ತಿರುಗಿ ಸುಸ್ತಾದ ಹಾಗೆ. ಧಾರೇಶ್ವರದ ಕಡೆ ಹೋದೆ, ಮಾವಿನಕುರ್ವೆಗೂ ಹೋಗಿಬಂದೆ. ಹೊನ್ನಾವರದ ಒಂದು ಬೀಜದ ಅಂಗಡಿಯಲ್ಲಿ ಬಣ್ಣಬಣ್ಣದ ಚೀಲ ಹರಡಿದರು. "ಉಪ್ಪು ತಡೀತದಾ?" ಅಂದರೆ "ಗೊಬ್ಬರ ಹಾಕಿದ್ರೆ ಎಂತದೂ ತಡೀತದೆ" ಅಂದರು. ಹೋಪ್‌ಲೆಸ್.

ಕಡೆಗೆ ಸಿಕ್ಕಿದ್ದು ನಮ್ಮ ಗಜನಿಯ ಆಚೆ ದಂಡೆಯಲ್ಲೇ. ಹಾಲಕ್ಕಿ ಕೇರಿಯ ಗಣಪಿ ನೆನಪಿದ್ದಾಳಲ್ಲ, ಅಪ್ಪನ ಕಾಲದಲ್ಲಿ ನಮ್ಮಲ್ಲಿ ಕೊಯ್ಲಿಗೆ ಬರುತ್ತಿದ್ದ ಬೊಮ್ಮನ ಹೆಂಡತಿ. ಅವಳು ಮನೆಯ ಹಿಂದಿನ ಹೊಂಡದ ಅಂಚಿಗೆ ಪ್ರತಿ ವರ್ಷ ಒಂದಿಷ್ಟು ಹಾಕಿ ಬೀಜ ಉಳಿಸಿಕೊಂಡಿದ್ದಳಂತೆ. ಈ ವರ್ಷ ಅವಳಿಗೆ ಬಗ್ಗಲು ಆಗುವುದಿಲ್ಲ, ತಲೆ ತಿರುಗುತ್ತದೆ. ಒಲೆಯ ಮೇಲೆ ತೂಗುಹಾಕಿ ಹೊಗೆಗೆ ಕಪ್ಪಾದ ಒಂದು ಸಣ್ಣ ಹುಲ್ಲಿನ ಮುಡಿ ಇಳಿಸಿ ಕೊಟ್ಟಳು. ದುಡ್ಡು ಕೊಡಲು ಕಿಸೆಗೆ ಕೈ ಹಾಕಿದೆ.

"ದುಡ್ಡು ಒಳಗೇ ಇಟ್ಕಣಿ ನಾಯ್ಕ್ರೆ. ಬೀಜ ಕೊಟ್ರೆ ಬೀಜನೇ ಬರ್ಬೇಕು. ಒಂದ್ಕೆ ಒಂದೂಕಾಲು. ಅದು ತೀರೂ ತನಕ ಆ ಗದ್ದೆ ಬ್ಯಾರೆ ಕೈಗೆ ಕೊಡೂಕಾಗ."

"ಇದು ಯಾರು ಮಾಡಿದ ಕಾನೂನು?" ಅಂದೆ.

"ನಿಮ್ ಅಪ್ಪ ನಡ್ಸಿದ್ದು. ನಿಮ್ಗೆ ಗುತ್ತಿಲ್ಲನಾ?"

ನನ್ನ ಅಪ್ಪನ ಮಾತನ್ನು ನನಗೇ ಕಲಿಸುತ್ತಾಳೆ. ಆತು ಅಂದೆ. ಎಲ್ಲ ಸೂಪರ್‌ಸ್ಟಿಷನ್. ಆದರೆ ಬೀಜ ಇದ್ದದ್ದು ಅವಳ ಕೈಯಲ್ಲಿ, ಎಂತ ಮಾಡೋದು.

ಇನ್ನು ಜಂತ್ರಡಿಯ ವಿಷಯ. ಇಡೀ ಗಜನಿಗೆ ಇರುವುದು ಒಂದೇ ಬಾಗಿಲು, ಅದರ ಹಲಗೆ ಎತ್ತುವವನೂ ಇಳಿಸುವವನೂ ನನ್ನ ಮಗ. ಈ ಮಳೆಗಾಲ ಇಳಿಸಿಡು ಅಂದೆ. "ನಿನ್ನ ಒಂದು ತುಂಡಿಗೆ ಊರವ್ರ ಸಿಗಡಿ ಕೊಲ್ಲೂಕಾತದನಾ?" ಅಂದ. ಅದೂ ಊಟ ಮಾಡುತ್ತಾ, ಅಂಕಿತಾ ಬಡಿಸುತ್ತಿರುವಾಗ, ಸ್ವಲ್ಪ ಸಾರು ಹಾಕು ಅನ್ನುವ ಸ್ವರದಲ್ಲಿ. ಸೊಸೆ ನನ್ನ ಮುಖ ನೋಡಿ ಸಾರು ನನಗೇ ಹಾಕಿದಳು.

ಹಾಗಾಗಿ ನಾನು ಬೇರೆ ದಾರಿ ಹಿಡಿದಿದ್ದೇನೆ. ನಮ್ಮ ತುಂಡಿನ ಸುತ್ತ ಮಾತ್ರ ಒಂದು ಒಳ ಒಡ್ಡು. ಪಕ್ಕದ ಮನೆಯ ಸುಬ್ಬನೂ ನಾನೂ ಕೆಸರು ಎತ್ತಿ ಹಾಕುತ್ತಿದ್ದೇವೆ. ಹೌದು, ನಾನೇ. ಕೊಡೆ ಮನೆಯಲ್ಲಿ ಮೊಳೆಗೆ ನೇತಾಡುತ್ತಿದೆ. ಅಂಕಿತಾ ಫೋಟೋ ತೆಗೆದಿದ್ದಾಳೆ, ಸಾಕ್ಷಿ ಬೇಕಾದರೆ ತರಿಸಿಕೋ. ಎಲ್ಲೂ ಒಂದು ಬಿರುಕಿಲ್ಲ, ಏಡಿ ನುಗ್ಗಲೂ ಜಾಗವಿಲ್ಲ. ವಾಟರ್‌ಟೈಟ್. ಹೊಳೆಯ ನೀರು ಒಂದು ತೊಟ್ಟೂ ಒಳಗೆ ಬರಲಾರದು. ಜಂತ್ರಡಿ ಅವನೇ ಇಟ್ಟುಕೊಳ್ಳಲಿ.

ಯುವರ್ಸ್ ಟ್ರೂಲಿ,
ರವೀಂದ್ರ


ಕುರ್ವೆಬೈಲು
ಜುಲೈ 14

ಅಕ್ಕ,

ನೀನು ಬಂದು ನೋಡಬೇಕು. ಬಸ್ಸು ಹತ್ತಿದರೆ ಒಂದೂವರೆ ತಾಸಿನ ದಾರಿ, ನೀನು ಬರುವುದಿಲ್ಲ ಅಂತ ಗೊತ್ತು, ಆದರೂ ಬರೆಯುತ್ತೇನೆ. ಸುತ್ತ ಬೂದು ನೀರು, ನಡುವೆ ನಮ್ಮ ತುಂಡು ಮಾತ್ರ ಹಸಿರು. ಬೀಜವನ್ನು ಬಾವಿನೀರಿನಲ್ಲಿ ನೆನೆಸಿ, ಹುಲ್ಲು ಹೊದಿಸಿ, ಮೇಲೆ ಕಲ್ಲು ಹೇರಿ ಮೊಳಕೆ ಬರಿಸಿದೆ. ಮಳೆ ಹಿಡಿದ ಮೇಲೆ ಎರಚಿದೆ. ಮೊದಲ ಸಲ ಕಾಲು ಹೂತುಕೊಂಡು ಬಿದ್ದೆ. ಸುಬ್ಬ ಎಬ್ಬಿಸುವ ಮೊದಲು ಹೊಟ್ಟೆ ತುಂಬ ನಕ್ಕು ಮುಗಿಸಿದ.

ಬೀಜ ಪೂರ್ತಿ ಹಾಕಿದೆ. ನೀನು ಹೇಳಿದ್ದು ಮರೆತಿರಲಿಲ್ಲ. ಆದರೆ ಮುಡಿ ಬಿಚ್ಚಿದರೆ ಅಷ್ಟು ಸಣ್ಣ ರಾಶಿ. ಅದರಲ್ಲೂ ಪಾಲು ತೆಗೆದಿಟ್ಟರೆ ನಡುನಡುವೆ ಬೋಳು ಕಾಣುತ್ತಿತ್ತು. ಕಮಿಟಿಯವರು ನೋಡುವ ಗದ್ದೆ ಬೋಳಾಗಿರಬಾರದು. ಈಗ ಸಿಗಡಿಯವರು ದೋಣಿ ನಿಲ್ಲಿಸಿ ನೋಡುತ್ತಾರೆ. "ರವೀಂದ್ರಣ್ಣ, ಕೊಯ್ಲಿಗೆ ಕರೀ, ಪುಕ್ಕಟೆ ಬರ್ತೆ, ಬರೇ ಗಂಜಿ ಹಾಕ್ಸು" ಅಂತ ಬಲೆ ಕಾಯುವ ಜಟ್ಟಿ ಕೂಗಿದ. ತಮಾಷೆಗೇ ಇರಬಹುದು. ಆದರೂ ಕೂಗಿದ.

ಒಂದು ದಿನ ಶ್ರೀನಾಥನೂ ಬಂದ. ಒಳ ಒಡ್ಡಿನ ಮೇಲೆ ಒಂದು ಸುತ್ತು ಪೂರ್ತಿ ನಡೆದ.

"ನೀರು ಹೋಗೂದು ಎಲ್ಲಿ?" ಅಂದ.

"ನೀರು ಬರಬಾರ್ದು ಅಂತ್ಲೇ ಕಟ್ಟಿದ್ದು" ಅಂದೆ.

ಒಡ್ಡು ಇಳಿದು ಹೋದ. ಹಸಿರನ್ನು ಕಂಡು ಒಂದು ಒಳ್ಳೆಯ ಮಾತು ಬಾಯಿಗೆ ಬರಲಿಲ್ಲ ನೋಡು. ಆ ಶಬ್ದ ನೆನಪಾಯಿತು ಅಕ್ಕ. ಆಬ್‌ಸ್ಟಿನೇಟ್. ಹಟಮಾರಿ ಅಂತ.

ಯುವರ್ಸ್ ಟ್ರಯಂಫಂಟ್ಲಿ (ಹೀಗೆ ಬರೆಯಲು ಬರುತ್ತದೋ ಗೊತ್ತಿಲ್ಲ, ಆದರೆ ಇವತ್ತು ಬರೆಯುತ್ತೇನೆ),
ರವೀಂದ್ರ


ಶಿರಾಲಿ
ಜುಲೈ 19

ರವೀಂದ್ರ,

ನೀರು ಹೋಗುವುದು ಎಲ್ಲಿ? ಅವನು ಕೇಳಿದ್ದಕ್ಕೆ ನೀನು ಉತ್ತರ ಕೊಟ್ಟಿಲ್ಲ. ನಾನೂ ಅದನ್ನೇ ಕೇಳುತ್ತಿದ್ದೇನೆ. ಇಂಗ್ಲಿಷ್ ಬಿಟ್ಟು ಇದೊಂದಕ್ಕೆ ಉತ್ತರ ಬರಿ.

ಉಮಾ


ಕುರ್ವೆಬೈಲು
ಸೆಪ್ಟೆಂಬರ್ 8

ಅಕ್ಕ,

ನಿನ್ನ ಪ್ರಶ್ನೆಗೆ ಉತ್ತರ ಇಷ್ಟು ದಿನ ಬರೆಯಲಿಲ್ಲ. ಆಗಸ್ಟು ತಿಂಗಳೇ ಬರೆಯಿತು.

ಮಳೆ ಗದ್ದೆಯ ಉಪ್ಪನ್ನು ತೊಳೆಯುತ್ತದೆ, ಸರಿ. ತೊಳೆದ ನೀರು ಇಳಿತದ ಹೊತ್ತಿಗೆ ಹೊಳೆಗೆ ಹರಿದುಹೋಗಬೇಕು. ಅದಕ್ಕೇ ಜಂತ್ರಡಿ. ಒಳಗೆ ಬರುವುದನ್ನು ತಡೆಯಲು ಮಾತ್ರವಲ್ಲ, ಹೊರಗೆ ಕಳಿಸಲಿಕ್ಕೂ. ನಾನು ತೊಳೆದ ನೀರನ್ನೂ ಗದ್ದೆಯೊಳಗೇ ಕಟ್ಟಿಹಾಕಿದ್ದೆ, ವಾಟರ್‌ಟೈಟ್ ಮಾಡಿ. ಆಗಸ್ಟಿನಲ್ಲಿ ಮಳೆ ಬಿಟ್ಟಿತು. ಬಿಸಿಲು ಬಿತ್ತು. ನೀರು ಆರಿತು, ಉಪ್ಪು ಉಳಿಯಿತು. ಎಲೆಯ ತುದಿ ಮೊದಲು ಕೆಂಪಾಯಿತು. ಸುಬ್ಬ "ರೋಗ" ಅಂದ, ನಾನೂ ರೋಗ ಅಂತಲೇ ನಂಬಿ ಕುಮಟಾಕ್ಕೆ ಹೋಗಿ ಔಷಧಿ ತಂದು ಹೊಡೆದೆ. ನೋಡು ಕರ್ಮ. ಒಂದು ಗಿಡ ಕಿತ್ತು ಬೇರು ನಾಲಿಗೆಗೆ ಹಚ್ಚಿದ್ದರೆ ಗೊತ್ತಾಗುತ್ತಿತ್ತು.

ಗೊತ್ತಾದ ದಿನ ನಾನೇ ಪಿಕಾಸಿ ತೆಗೆದುಕೊಂಡು ಹೋಗಿ ಒಡ್ಡನ್ನು ಒಂದು ಕಡೆ ಕಡಿದೆ. ಅಷ್ಟರಲ್ಲಿ ಇಡೀ ಗದ್ದೆ ಹಳೇ ಚಾಪೆಯ ಬಣ್ಣಕ್ಕೆ ತಿರುಗಿತ್ತು. ಕಡಿದ ಬಾಯಿಯ ಹತ್ತಿರ ಒಂದು ಪಟ್ಟಿ ಮಾತ್ರ ಚೇತರಿಸಿಕೊಂಡಿದೆ. ಹೊಸ ಮಳೆ ತೊಳೆದ ಉಪ್ಪು ಅಲ್ಲಿಂದ ಇಳಿತಕ್ಕೆ ಹೊರಗೆ ಹರಿದುಹೋಗುತ್ತದಲ್ಲ, ಅದಕ್ಕೆ. ಅಷ್ಟನ್ನು ಬೆಳೆ ಅನ್ನಲು ಬರುವುದಿಲ್ಲ.

ಜಟ್ಟಿ ದೋಣಿಯಲ್ಲಿ ಹೋಗುವಾಗ ಈ ಕಡೆ ನೋಡುವುದಿಲ್ಲ. ತಮಾಷೆ ಮಾಡಿದ್ದರೆ ವಾಸಿಯಿತ್ತು. ಶ್ರೀನಾಥ "ನಾ ಹೇಳಿದ್ದೆ" ಅಂತಾದರೂ ಅನ್ನಬಹುದಿತ್ತಲ್ಲ. ರಾತ್ರಿ ಊಟಕ್ಕೆ ಕೂತಾಗ ಕಾದೆ. ಅವನು ಅಂಕಿತಾಳ ಹತ್ತಿರ ಐಸ್ ಪೆಟ್ಟಿಗೆಯ ಮುಚ್ಚಳ ಒಡೆದದ್ದನ್ನು ಮಾತಾಡಿದ.

ರವೀಂದ್ರ


ಕುರ್ವೆಬೈಲು
ಅಕ್ಟೋಬರ್ 24

ಅಕ್ಕ,

ಕಮಿಟಿಯ ಕಾಗದ ಇದರೊಳಗಿದೆ. ನಾನು ಸಹಿ ಹಾಕಿದ್ದೇನೆ. ಅಂಡರ್ ಪ್ರೊಟೆಸ್ಟ್ ಅಂತ ಪಕ್ಕದಲ್ಲಿ ಬರೆಯಲು ಹೋದೆ, "ಅಲ್ಲಿ ಎಂತದೂ ಬರೀಬೇಡ ಅಪ್ಪಾ, ಕಾಗ್ದ ಹಾಳಾತದೆ" ಅಂದ ಶ್ರೀನಾಥ. ಬರೆಯಲಿಲ್ಲ. ನನ್ನ ಹೆಸರಿನ ಕೆಳಗೆ ನಿನ್ನ ಜಾಗವಿದೆ. ದೀಪಾವಳಿಯ ತನಕ ಅಂದಿದ್ದೆ, ದೀಪಾವಳಿ ಬಂತು.

ಆ ಪಟ್ಟಿಯನ್ನು ಕೊಯ್ದೆ. ಅಂಕಿತಾ ಅದನ್ನು ಸಾಸಿವೆಯ ಹಳೇ ಡಬ್ಬಕ್ಕೆ ತುಂಬಿದಳು. ತುಂಬಲಿಲ್ಲ, ಮೇಲೆ ಜಾಗ ಉಳಿಯಿತು. ಗಣಪಿಯ ಮನೆಗೆ ಹೋಗಲು ಮುಖವಿಲ್ಲ, ಅವಳ ಕೇರಿಯ ದಾರಿ ಬಿಟ್ಟು ಸುತ್ತಿ ಪೇಟೆಗೆ ಹೋಗುತ್ತಿದ್ದೇನೆ. ಮೂರು ತಲೆಮಾರು ನಡೆದ ಗದ್ದೆ ನನ್ನ ಕಾಲದಲ್ಲಿ ಹೋಗಬಾರದು ಅಂತ ಹೊರಟವನು ನಾನು. ನನ್ನ ಕೈಯಲ್ಲೇ ಹೋಯಿತು. ನೀನು ಗೆದ್ದೆ.

ರವೀಂದ್ರ


ಶಿರಾಲಿ
ನವೆಂಬರ್ 4

ರವೀಂದ್ರ,

ನಾನು ಎಂತದನ್ನೂ ಗೆಲ್ಲಲಿಲ್ಲ. ಕಾಗದ ವಾಪಸು ಕಳಿಸುತ್ತಿದ್ದೇನೆ. ಸಹಿ ಹಾಕಿಲ್ಲ.

ಗಣಪಿಗೆ ಬೀಜ ಕೊಡಬೇಕಲ್ಲ? ಒಂದಕ್ಕೆ ಒಂದೂಕಾಲು. ನೀನು ಆತು ಅಂದು ಮುಡಿ ಹೊತ್ತು ತಂದಿದ್ದೀಯ. ನಿನಗೆ ಅದು ಸೂಪರ್ ಏನೋ ಒಂದು. ಅಪ್ಪನ ಕಾಲದಲ್ಲಿ ಒಂದು ವರ್ಷ ನೆರೆ ಬಂದು ಸಾಲ ತಂದ ಬೀಜ ಕೊಚ್ಚಿಹೋಯಿತು. ಆ ವರ್ಷ ನನ್ನ ಮದುವೆ. ಗದ್ದೆಯ ಒಂದು ತುದಿಯನ್ನು ಬೇರೆಯವರಿಗೆ ಕೊಟ್ಟು ಮದುವೆ ಮಾಡುವುದು ಅಂತ ಮಾತಾಗಿತ್ತು. ಬೀಜ ತೀರದೆ ಕೊಡುವ ಹಾಗಿಲ್ಲ ಅಂದ ಅಪ್ಪ. ಮದುವೆ ಮುಂದೆ ಹೋಯಿತು. ನಾನು ಮತ್ತೊಂದು ಮಳೆಗಾಲ ಅದೇ ನೀರಿಗೆ ಇಳಿದೆ. ನೀನು ಆಗ ಪರೀಕ್ಷೆಗೆ ಓದುತ್ತಿದ್ದೆ, ನಿನಗೆ ಯಾರೂ ಹೇಳಿರಲಿಕ್ಕಿಲ್ಲ.

ಆ ಗದ್ದೆಯ ಮೇಲೆ ನನಗೆ ಪ್ರೀತಿ ಇಲ್ಲ. ಸಿಟ್ಟೇ ಇರುವುದು. ಆದರೆ ನಾನು ಒಂದು ವರ್ಷ ಕಾದ ಮಾತನ್ನು ನೀನೂ ಸಿಗಡಿಯವನೂ ಸೇರಿ ಒಂದು ಪೆನ್ನಿನಲ್ಲಿ ಮುಗಿಸುವುದು ನನ್ನಿಂದ ಆಗುವುದಿಲ್ಲ. ಪೇಟೆಯಲ್ಲಿ ಕಗ್ಗ ಸಿಗುವುದಿಲ್ಲ ಅಂತ ನೀನೇ ಬರೆದಿದ್ದೀಯ. ಗದ್ದೆ ಕೊಟ್ಟ ಮೇಲೆ ಬೀಜ ಬೆಳೆಯುವುದು ಎಲ್ಲಿ, ಅಂಕಿತಾಳ ಡಬ್ಬದಲ್ಲಾ? ಆ ಡಬ್ಬವನ್ನು ಯಾರೂ ಮುಟ್ಟಬಾರದು ಅಂತ ಅವಳಿಗೆ ಫೋನು ಮಾಡಿ ಹೇಳಿದ್ದೇನೆ.

ಮೊದಲು ಗಣಪಿಯ ಮನೆಗೆ ಹೋಗು, ನೇರ ದಾರಿಯಲ್ಲಿ. ಬೀಜ ತೀರಿಸು. ತೀರಿದ ಮಾರನೆಯ ದಿನ ನಾನೇ ಬಸ್ಸು ಹತ್ತಿ ಬಂದು ಸಹಿ ಹಾಕುತ್ತೇನೆ.

ಉಮಾ


ಕುರ್ವೆಬೈಲು
ನವೆಂಬರ್ 15

ಅಕ್ಕ,

ನೀನು ಮಾಡಿದ್ದು ಉಪಕಾರವೋ ಶಿಕ್ಷೆಯೋ ನನಗೆ ಇನ್ನೂ ತಿಳಿದಿಲ್ಲ. ನಾನು ಬೇಡ ಅಂದಾಗ ನೀನು ಸಹಿ ಹಾಕುತ್ತೇನೆ ಅಂದೆ, ಹಾಕು ಅಂದಾಗ ಇಲ್ಲ ಅಂದೆ. ಆ ಇಂಗ್ಲಿಷ್ ಶಬ್ದವನ್ನು ನಾನು ತಪ್ಪು ಮನುಷ್ಯನಿಗೆ ಬಳಸಿದ್ದೆ.

ಕಮಿಟಿಯ ಸಭೆ ಆಯಿತು. "ಒಂದು ಡಬ್ಬ ಕಗ್ಗಕ್ಕೆ ಊರಿನ ಬಾಗ್ಲು ನಿಂತದೆ" ಅಂತ ಒಬ್ಬ. "ನಾಯ್ಕ್ರೆ, ಆ ಡಬ್ಬಕ್ಕೆ ಕಾವಲು ಇಟ್ಟಿದ್ರಾ?" ಅಂತ ಇನ್ನೊಬ್ಬ. ಗುತ್ತಿಗೆದಾರ ಸಿಟ್ಟಾಗಿ ಎದ್ದುಹೋದ, ಒಂದು ವರ್ಷ ಕಾಯುತ್ತಾನೋ ಇಲ್ಲವೋ ಗೊತ್ತಿಲ್ಲ. ಸೆಕ್ರೆಟರಿಯ ಕುರ್ಚಿಯಲ್ಲಿ ಕೂತು ಎಲ್ಲರ ಬೈಗುಳ ತಿಂದವನು ಶ್ರೀನಾಥ. ನನ್ನ ಪರ ಮಾತಾಡಲಿಲ್ಲ. ನನ್ನ ವಿರುದ್ಧವೂ ಮಾತಾಡಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ "ಹಳೇ ಹಲಗೆ ಇನ್ನೊಂದು ವರ್ಷ ತಡೀಬೇಕಲ್ಲ" ಅಂತ ಚಪ್ಪಲಿಗೇ ಹೇಳಿದ.

ಗಣಪಿಯ ಮನೆಗೆ ಹೋದೆ, ನೇರ ದಾರಿಯಲ್ಲೇ. ಡಬ್ಬ ಬಿಚ್ಚಿ ತೋರಿಸಿದೆ. ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಚ್ಚಿ ನೋಡಿದಳು.

"ಕಾಳು ಗಟ್ಟಿ ಇದ್ದು. ಈಗ ಕೊಡ್ಬೇಡಿ, ಇದು ಸಾಕಾಗ. ಮುಂದಿನ್ ವರ್ಷ ಹಾಕಿ ಬೆಳ್ಸಿ ಕೊಡಿ. ಅರ್ಧ ಹಾಕಿ, ಅರ್ಧ ಕಟ್ಟಿಡಿ. ಮತ್ತೆ ಎಲ್ಲ ಒಟ್ಟಿಗೆ ಚೆಲ್ಬೇಡಿ ಮಾರಾಯ್ರೆ" ಅಂದಳು. ಅರ್ಧ ಡಬ್ಬದಿಂದ ಒಂದೂಕಾಲು ಮುಡಿ ಎಷ್ಟು ಮಳೆಗಾಲಕ್ಕೆ ಆಗುತ್ತದೆ ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಬಂದೆ. ನೀನು ಹಾಕಿ ನೋಡಿದ್ದೀಯಾ? ನೋಡಿಯೇ ಬರೆದೆಯಾ?

ಇವತ್ತು ಬೆಳಿಗ್ಗೆ ಶ್ರೀನಾಥ ಐಸ್ ತುಂಬಿಸುತ್ತಾ ಇದ್ದವನು ಒಳಗೆ ಬಂದ.

"ಅತ್ತೆಗೆ ಬರೀತಿದ್ಯಾ? ಹಾಂಗಾದ್ರೆ ಒಂದು ಕೇಳು. ಅಜ್ಜ ಜಂತ್ರಡಿ ಹಲಗೆಗೆ ಎಂತ ಮರ ಹಾಕ್ತಿದ್ದ?"

"ಎಂತಕೆ?"

"ನಿನ್ನ ಒಡ್ಡಿಗೆ ಒಂದು ಬಾಯಿ ಬೇಕಲ್ಲ. ಸಣ್ಣದು ಸಾಕು."

ಹಲಸು ಇರಬೇಕು ಅಂದೆ. "ಹಲಸು ಆ ನೀರಿಗೆ ಮೂರು ದಿನ ಬರೂದಿಲ್ಲ. ನಿಂಗೆ ಗುತ್ತಿಲ್ಲ ಅಂದ್ರೆ ಗುತ್ತಿಲ್ಲ ಅನ್ನು. ಅತ್ತೆಗೆ ಗುತ್ತಿರ್ತದೆ, ಅವ್ಳೇ ಎತ್ತಿ ಇಳಿಸ್ತಿದ್ದದ್ದು ಅಂತ ಅಮ್ಮ ಹೇಳ್ತಿತ್ತು" ಅಂದ. ಬಂಗಾರಿ ಅವನಿಗೆ ಹೇಳಿದ್ದಾಳೆ, ನನಗೆ ಹೇಳಿಲ್ಲ. ಅಥವಾ ಹೇಳಿರಬಹುದು, ನಾನು ಕೇಳಿಸಿಕೊಳ್ಳದೆ ಇದ್ದಿರಬಹುದು. ಕಾಲೇಜಿನ ಎರಡು ವರ್ಷ ಆ ಹಲಗೆಯ ಮೇಲೆ ಕಾಲಿಟ್ಟೇ ದಾಟಿದವನು ನಾನು. ಅದು ಎಂತ ಮರ ಅಂತ ಬಗ್ಗಿ ನೋಡಿಲ್ಲ.

"ಬೀಜ ತೀರೂ ತನಕ ಮಾತ್ರ" ಅಂತಲೂ ಅಂದ. "ಆಮೇಲೆ ಇಬ್ರೂ ಸಹಿ ಹಾಕ್ಬೇಕು, ಮತ್ತೆ ಕಥೆ ಹೇಳೂಕಿಲ್ಲ." ಆತು ಅಂದೆ.

ಹೊರಗೆ ವ್ಯಾನು ಸ್ಟಾರ್ಟಿನಲ್ಲಿದೆ, ಹಾರ್ನ್ ಹೊಡೆಯುತ್ತಿದ್ದಾನೆ. ಇವತ್ತು ಲಕೋಟೆ ಅಂಟಿಸಲು ಪುರಸೊತ್ತಿಲ್ಲ, ಹಾಗೇ ಕೊಡುತ್ತೇನೆ. ನನಗೆ ಪತ್ರ ಬರೆಯಬೇಕೆಂದಿಲ್ಲ. ಮರದ ಹೆಸರು ಮಾತ್ರ ಅವನಿಗೆ ಬಾಯಲ್ಲೇ ಹೇಳು. ಅವನು ನಿನ್ನ ಬಾಗಿಲಲ್ಲಿ ನಿಂತು ಕಾಯುತ್ತಾನೆ.

ನಿನ್ನ ತಮ್ಮ,
ರವೀಂದ್ರ